ಕಪ್ಪುಹಲಗೆಯ ಮುಂದೆ ಹದಿನೈದು ನಿಮಿಷ – ಗಣಿತ ಗೌರವ ಸಂಘಗಳ ಕಥೆ

ಪ್ರತಿ ವರ್ಷ ಡಿಸೆಂಬರ್ 22 ಬಂತೆಂದರೆ ನಮ್ಮ ಶಾಲೆಯಲ್ಲಿ ಗಣಿತ ದಿನ. ರಾಮಾನುಜನ್ ಅವರ ಫೋಟೋಗೆ ಹೂವಿನ ಹಾರ, ಅರ್ಧ ಗಂಟೆಯ ಭಾಷಣ, ಒಂದು ರಸಪ್ರಶ್ನೆ, ಗೆದ್ದವರಿಗೆ ಪೆನ್ನು, ಉಳಿದವರಿಗೆ ಚಾಕೊಲೇಟು. ಭಾಷಣ ಮಾಡುವವರು ನಾವೇ, ಅಂದರೆ ಶಿಕ್ಷಕರು. ಮಕ್ಕಳದ್ದು ಕೈಕಟ್ಟಿ ಕೂತು ಕೇಳುವ ಕೆಲಸ. ಬಹಳ ವರ್ಷಗಳಿಂದ ಹೀಗೆಯೇ ನಡೆದುಕೊಂಡು ಬಂದಿತ್ತು. ಇದರಲ್ಲೇನೋ ಕೊರತೆಯಿದೆ ಎಂದು ನಮಗೆ ಹೊಳೆದಿರಲೂ ಇಲ್ಲ.

ಹೊಳೆಯುವಂತೆ ಮಾಡಿದ್ದು ನಮ್ಮದೇ ಹಳೆಯ ವಿದ್ಯಾರ್ಥಿನಿ. ಹತ್ತನೇ ತರಗತಿಯವರೆಗೂ ನಮ್ಮಲ್ಲಿ ಕನ್ನಡದಲ್ಲೇ ಓದಿದವಳು. ಲೆಕ್ಕದಲ್ಲಿ ಎಂದೂ ತಪ್ಪಿದವಳಲ್ಲ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಜೀನ್ಸ್ ಹೊಲಿಯುವವರು. ಮುಂದೆ ಗಡಿ ದಾಟಿ ದೊಡ್ಡ ಊರಿನ ಕಾಲೇಜಿಗೆ ಸೇರಿ ಬಿ.ಎಸ್ಸಿ. ಓದುತ್ತಿದ್ದಳು. ರಜೆಗೆ ಬಂದಾಗ ಶಾಲೆಗೂ ಬಂದಳು. ಓದು ಹೇಗಿದೆ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ತರಗತಿಯಲ್ಲಿ ಬೋರ್ಡಿಗೆ ಕರೆದರು ಸಾರ್. ಲೆಕ್ಕ ಬಿಡಿಸಿಬಿಟ್ಟೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿದರು. ಗೊತ್ತಿತ್ತು ಸಾರ್, ಮಾತೇ ಬರಲಿಲ್ಲ. ನೋಡಿ ಬರೆದಿದ್ದಾಳೆ ಅಂತ ಎಲ್ಲರೂ ನಕ್ಕರು.’

ಆ ದಿನ ನಮಗೆ ಊಟ ಸೇರಲಿಲ್ಲ. ಗಡಿನಾಡಿನ ಕನ್ನಡ ಶಾಲೆಗಳ ಕಷ್ಟಗಳ ಪಟ್ಟಿ ನಮಗೆಲ್ಲ ಬಾಯಿಪಾಠ: ತಡವಾಗಿ ಬರುವ ಪಠ್ಯಪುಸ್ತಕ, ಖಾಲಿ ಬಿದ್ದಿರುವ ಹುದ್ದೆ, ಕಡಿಮೆಯಾಗುತ್ತಿರುವ ಮಕ್ಕಳ ಸಂಖ್ಯೆ. ಈ ಪಟ್ಟಿಯಲ್ಲಿ ಇಲ್ಲದ ಒಂದು ಕೊರತೆಯನ್ನು ಆ ಹುಡುಗಿ ತೋರಿಸಿದ್ದಳು. ಹತ್ತು ವರ್ಷ ನಮ್ಮ ಕೈಯಲ್ಲಿದ್ದ ಮಗುವಿಗೆ ಲೆಕ್ಕ ಮಾಡುವುದನ್ನು ಕಲಿಸಿದ್ದೆವು, ಲೆಕ್ಕದ ಬಗ್ಗೆ ಮಾತಾಡುವುದನ್ನು ಕಲಿಸಿರಲಿಲ್ಲ. ಇದಕ್ಕೆ ಇಂಗ್ಲಿಷಿನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವಂತೆಯೂ ಇರಲಿಲ್ಲ. ಏಕೆಂದರೆ ಕನ್ನಡದಲ್ಲಾದರೂ ಅವಳು ಹತ್ತು ಜನರೆದುರು ಒಂದು ಪ್ರಮೇಯವನ್ನು ವಿವರಿಸಿದ್ದನ್ನು ನಾವು ಎಂದೂ ಕಂಡಿರಲಿಲ್ಲ!

ಬೇರೆ ಕಡೆ ವಿದ್ಯಾರ್ಥಿಗಳಿಂದ ಗಣಿತವನ್ನು ಮಾತಾಡಿಸುವುದು ಹೇಗೆ ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಅಮೆರಿಕದ ಕಾಲೇಜುಗಳಲ್ಲಿರುವ ಗಣಿತದ ‘ಆನರ್ ಸೊಸೈಟಿ’ಗಳು, ಕನ್ನಡದಲ್ಲಿ ಗೌರವ ಸಂಘಗಳು ಎನ್ನೋಣ. ಅವುಗಳ ಇತಿಹಾಸವನ್ನು ನಮ್ಮ ಶಾಲಾ ಬಂಧುಗಳೊಂದಿಗೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಗೌರವ ಸಂಘ ಎಂದರೇನು?

ಅಮೆರಿಕದಲ್ಲಿ ಓದಿನಲ್ಲಿ ಮುಂದಿರುವ ವಿದ್ಯಾರ್ಥಿಗಳನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಸಂಘಗಳ ಪದ್ಧತಿ ಬಹಳ ಹಳೆಯದು. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ‘ಫೈ ಬೀಟಾ ಕಪ್ಪಾ’ ಇವುಗಳಲ್ಲಿ ಮೊದಲಿನದು. ಹೆಸರುಗಳೆಲ್ಲ ಗ್ರೀಕ್ ಅಕ್ಷರಗಳಲ್ಲಿ. ನಮ್ಮಲ್ಲಿ ಸಂಘಸಂಸ್ಥೆಗಳು ಸಂಸ್ಕೃತದ ಧ್ಯೇಯವಾಕ್ಯ ಇಟ್ಟುಕೊಳ್ಳುವಂತೆ ಅವರು ಗ್ರೀಕ್ ಧ್ಯೇಯವಾಕ್ಯ ಇಟ್ಟುಕೊಂಡು ಅದರ ಮೊದಲಕ್ಷರಗಳನ್ನೇ ಹೆಸರಾಗಿಸಿಕೊಳ್ಳುವುದು ರೂಢಿ. ನಂತರದ ಕಾಲದಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಸಂಘ ಹುಟ್ಟಿಕೊಂಡಿತು. ಗಣಿತಕ್ಕೆ ಹುಟ್ಟಿದವುಗಳಲ್ಲಿ ಎರಡು ಮುಖ್ಯ: ‘ಪೈ ಮ್ಯೂ ಎಪ್ಸಿಲಾನ್’ ಮತ್ತು ‘ಕಪ್ಪಾ ಮ್ಯೂ ಎಪ್ಸಿಲಾನ್’.

ಸಿರಕ್ಯೂಸಿನ ಸಂಜೆಯ ಕೂಟ

ಮೊದಲನೆಯದು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ವಿಶ್ವವಿದ್ಯಾಲಯದ್ದು. ಅಲ್ಲಿ 1903ರ ನವೆಂಬರಿನಲ್ಲಿ ಒಂದು ಗಣಿತ ಕೂಟ ಶುರುವಾಯಿತು. ಅದರ ಹಿಂದಿದ್ದವರು ಪ್ರಾಧ್ಯಾಪಕ ಎಡ್ವರ್ಡ್ ಡ್ರೇಕ್ ರೋ. ಹತ್ತು ವರ್ಷ ಕೂಟ ನಡೆದ ಮೇಲೆ, 1913ರಲ್ಲಿ, ಇದನ್ನು ಬೇರೆ ವಿಶ್ವವಿದ್ಯಾಲಯಗಳಿಗೂ ಹಬ್ಬುವಂಥ ಸಂಘವನ್ನಾಗಿ ಮಾಡೋಣ ಎಂದು ರೋ ಸೂಚಿಸಿದರು. 1914ರ ಮೇ 25ರಂದು ನ್ಯೂಯಾರ್ಕ್ ರಾಜ್ಯದ ಕಾನೂನಿನಂತೆ ಪೈ ಮ್ಯೂ ಎಪ್ಸಿಲಾನ್ ನೋಂದಣಿಯಾಯಿತು. ಎರಡನೆಯ ಶಾಖೆ 1919ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತೆರೆಯಿತು. ಮೊದಲಿನಿಂದ ಎರಡನೆಯದಕ್ಕೆ ಐದು ವರ್ಷ ಹಿಡಿಯಿತು ಎಂಬುದನ್ನು ಗಮನಿಸಬೇಕು. ಒಂದೇ ವರ್ಷದಲ್ಲಿ ಫಲ ಕಾಣಲಿಲ್ಲವೆಂದು ಸಂಘ ಮುಚ್ಚುವ ನಮಗೆ ಇದರಲ್ಲಿ ಪಾಠವಿದೆ. ಇಂದಿಗೆ ಸ್ಥಾಪನೆಯಾದ ಶಾಖೆಗಳ ಸಂಖ್ಯೆ 400 ದಾಟಿದೆ.

ಶಾಖೆಗಳಿಗೆ ಹೆಸರಿಡುವ ಕ್ರಮ ಸರಳ. ರಾಜ್ಯದ ಹೆಸರು, ಅದರ ಮುಂದೆ ಗ್ರೀಕ್ ಅಕ್ಷರಮಾಲೆಯ ಒಂದು ಅಕ್ಷರ. ಓಹಿಯೋದ ಮೊದಲ ಶಾಖೆ ‘ಓಹಿಯೋ ಆಲ್ಫಾ’, ನಾಲ್ಕನೆಯದು ‘ಓಹಿಯೋ ಡೆಲ್ಟಾ’. ಸಂಘದ ಗುರಿಯೂ ಅಷ್ಟೇ ಸರಳ: ವಿದ್ವತ್ತನ್ನೂ ಗಣಿತವನ್ನೂ ಬೆಳೆಸುವುದು.

ತಾಲೆಕ್ವಾದ ಟೀಚರು

ಎರಡನೆಯ ಸಂಘದ ಕಥೆ ನಮಗೆ ಇನ್ನೂ ಹತ್ತಿರದ್ದು. ಅದು ಹುಟ್ಟಿದ್ದು ದೊಡ್ಡ ವಿಶ್ವವಿದ್ಯಾಲಯದಲ್ಲಲ್ಲ, ಓಕ್ಲಹೋಮಾ ರಾಜ್ಯದ ತಾಲೆಕ್ವಾ ಎಂಬ ಸಣ್ಣ ಊರಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ. ನಮ್ಮ ಹಳೆಯ ಟಿ.ಸಿ.ಎಚ್. ಕಾಲೇಜುಗಳಂತೆ ಶಾಲಾ ಮೇಷ್ಟರುಗಳನ್ನು ತಯಾರು ಮಾಡುತ್ತಿದ್ದ ಸಂಸ್ಥೆ ಅದು.

ಎಮಿಲಿ ಕ್ಯಾಥರಿನ್ ವಯಂಟ್ ಎಂಬ ಮಹಿಳೆ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1929ರಲ್ಲಿ ಗಣಿತದ ಪಿಎಚ್.ಡಿ. ಪಡೆದರು. ಅಲ್ಲಿದ್ದಾಗ ಪೈ ಮ್ಯೂ ಎಪ್ಸಿಲಾನ್ ಸದಸ್ಯೆಯಾಗಿದ್ದರು. 1930ರಲ್ಲಿ ತಾಲೆಕ್ವಾಗೆ ಪಾಠ ಮಾಡಲು ಬಂದರು. ಸಂಶೋಧನೆ ನಡೆಯುವ ದೊಡ್ಡ ವಿಶ್ವವಿದ್ಯಾಲಯದಲ್ಲಿ ತಾವು ಕಂಡಿದ್ದ ಸಂಘದ ಸುಖ ಸಣ್ಣ ಕಾಲೇಜಿನ ಹುಡುಗ ಹುಡುಗಿಯರಿಗೂ ಸಿಗಬೇಕು ಎಂಬುದು ಅವರ ಆಸೆ. ಕಾಲೇಜಿನಲ್ಲಿದ್ದ ಗಣಿತ ಕೂಟವನ್ನೇ ಎತ್ತಿಕೊಂಡು, ಡೀನ್ ಆಗಿದ್ದ ಎಲ್.ಪಿ. ವುಡ್ಸ್ ಅವರ ನೆರವಿನಿಂದ, 1931ರ ಏಪ್ರಿಲ್ 18ರಂದು ಕಪ್ಪಾ ಮ್ಯೂ ಎಪ್ಸಿಲಾನ್ ಸಂಘವನ್ನು ಆರಂಭಿಸಿದರು. ಅಧ್ಯಾಪಕರು ವಿದ್ಯಾರ್ಥಿಗಳು ಸೇರಿ ಮೊದಲ ದಿನದ ಸದಸ್ಯರು 24 ಮಂದಿ. ಮುಂದಿನ ತಿಂಗಳೇ ಐಯೋವಾದ ಶಿಕ್ಷಕರ ಕಾಲೇಜೊಂದರಲ್ಲಿ ಎರಡನೆಯ ಶಾಖೆ ತೆರೆಯಿತು. ವಯಂಟ್ 1942ರಲ್ಲಿ ತೀರಿಕೊಂಡರು. ಅವರು ನೆಟ್ಟ ಗಿಡ ಇಂದಿಗೂ ಬೆಳೆಯುತ್ತಿದೆ.

ತಾಲೆಕ್ವಾ ಊರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದು ಚೆರೋಕಿ ಎಂಬ ಮೂಲನಿವಾಸಿ ಜನಾಂಗದ ರಾಜಧಾನಿ. ಆ ಕಾಲೇಜಿನ ಹಳೆಯ ಕಟ್ಟಡ ಚೆರೋಕಿ ಜನರು ತಮ್ಮ ಹೆಣ್ಣುಮಕ್ಕಳಿಗಾಗಿ 1889ರಲ್ಲಿ ಕಟ್ಟಿಸಿದ ಶಾಲೆ. ಓಕ್ಲಹೋಮಾ ರಾಜ್ಯವಾದ ಮೇಲೆ 1909ರಲ್ಲಿ ಸರ್ಕಾರ ಅದನ್ನು ಕೊಂಡು ಶಿಕ್ಷಕರ ಕಾಲೇಜು ಮಾಡಿತು. ಚೆರೋಕಿಗಳಿಗೆ ತಮ್ಮದೇ ಲಿಪಿಯಿದೆ. ಸಿಕ್ವೋಯಾ ಎಂಬ ಅವರದೇ ಜನಾಂಗದವನು 1821ರ ಹೊತ್ತಿಗೆ ಅದನ್ನು ರೂಪಿಸಿ ಮುಗಿಸಿದ. ಇಂದು ಆ ಊರಿನ ಬೀದಿ ಫಲಕಗಳಲ್ಲಿ ಇಂಗ್ಲಿಷಿನ ಜೊತೆ ಚೆರೋಕಿಯೂ ಇದೆ. ಗಣಿತ ಸಂಘದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಆದರೂ ರಾಜ್ಯದ ಗಡಿರೇಖೆ ಬದಲಾದಾಗ ಶಾಲೆಯ ಗೋಡೆ ಹಾಗೇ ಉಳಿದು ಒಳಗಿನ ಭಾಷೆ ಬದಲಾಗುವುದು ಎಂದರೆ ಏನೆಂದು ರಾಯದುರ್ಗ, ಆದೋನಿ, ಮಡಕಶಿರಾ ಕಡೆಯ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ವರ್ಷವಿಡೀ ಏನು ಮಾಡುತ್ತಾರೆ?

ಸದಸ್ಯತ್ವಕ್ಕೆ ಅಂಕದ ಷರತ್ತು ಇದೆ. ಪೈ ಮ್ಯೂ ಎಪ್ಸಿಲಾನ್ ಸೇರಲು ಸಾಮಾನ್ಯವಾಗಿ ಎರಡು ವರ್ಷದ ಕಾಲೇಜು ಗಣಿತ, ಅದರಲ್ಲಿ ಕಲನಶಾಸ್ತ್ರ ಸೇರಿ, ಮುಗಿಸಿರಬೇಕು, ಗಣಿತದಲ್ಲಿ ಒಳ್ಳೆಯ ದರ್ಜೆ ಇರಬೇಕು, ಒಟ್ಟು ಓದಿನಲ್ಲಿ ತರಗತಿಯ ಮೇಲಿನ ಮೂರನೇ ಒಂದು ಭಾಗದಲ್ಲಿರಬೇಕು. ಕಪ್ಪಾ ಮ್ಯೂ ಎಪ್ಸಿಲಾನ್‌ನದು ಮೇಲಿನ ಶೇಕಡ 35. ಒಮ್ಮೆ ಸೇರಿದರೆ ಜೀವಮಾನದ ಸದಸ್ಯತ್ವ. ಸೇರುವಾಗ ಒಂದು ಸಣ್ಣ ಸಮಾರಂಭ. ಸಂಘದ ಚರಿತ್ರೆ ಓದುತ್ತಾರೆ, ಲಾಂಛನದ ಅರ್ಥ ಹೇಳುತ್ತಾರೆ, ಹೊಸಬರು ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಕಪ್ಪಾ ಮ್ಯೂ ಎಪ್ಸಿಲಾನ್‌ಗೆ ಐದರ ಮೇಲೆ ಬಹಳ ಪ್ರೀತಿ. ಲಾಂಛನದಲ್ಲಿರುವ ಐದು ಎಸಳಿನ ಗುಲಾಬಿಯೂ ಗಣಿತದ ಒಂದು ಸಮೀಕರಣದಿಂದ ಬರೆಯಬಹುದಾದ ವಕ್ರರೇಖೆಯೇ!

ಸಮಾರಂಭ ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ನಡೆಯುವುದು ಸದ್ದುಗದ್ದಲವಿಲ್ಲದ ಕೆಲಸ. ಹದಿನೈದು ದಿನಕ್ಕೋ ತಿಂಗಳಿಗೋ ಒಂದು ಸಭೆ. ಬೇರೆ ಊರಿನ ಗಣಿತಜ್ಞರನ್ನು ಕರೆಸಿ ಉಪನ್ಯಾಸ. ಕೆಳಗಿನ ತರಗತಿಯವರಿಗೆ ಸಂಜೆ ಹೊತ್ತು ಉಚಿತ ಪಾಠ. ಹತ್ತಿರದ ಶಾಲೆಯ ಮಕ್ಕಳಿಗೆ ಗಣಿತ ಸ್ಪರ್ಧೆ. ಮಾರ್ಚ್ 14 ಬಂದರೆ ಪೈ ದಿನ. 3.14 ಎಂಬ ಬೆಲೆಯಿಂದ ಹುಟ್ಟಿದ ಈ ಹಬ್ಬ 1988ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವಿಜ್ಞಾನ ವಸ್ತುಸಂಗ್ರಹಾಲಯವೊಂದರಲ್ಲಿ ಶುರುವಾಯಿತು. ಖರ್ಚಿಗೆ ಹಣ ಬೇಕಲ್ಲ? ತಿಂಡಿ ಮಾರುತ್ತಾರೆ, ಸೂತ್ರ ಅಚ್ಚುಹಾಕಿದ ಟೀ ಷರ್ಟ್ ಮಾರುತ್ತಾರೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ವಿದ್ಯಾರ್ಥಿಗಳೇ. ಅಧ್ಯಾಪಕರು ಹಿಂದೆ ನಿಂತು ನೋಡಿಕೊಳ್ಳುತ್ತಾರೆ.

ಎರಡೂ ಸಂಘಗಳಿಗೆ ಪತ್ರಿಕೆಯಿದೆ. ಕಪ್ಪಾ ಮ್ಯೂ ಎಪ್ಸಿಲಾನ್ 1941ರಲ್ಲಿ ‘ದಿ ಪೆಂಟಗನ್’, ಅಂದರೆ ‘ಪಂಚಭುಜ’, ಎಂಬ ಪತ್ರಿಕೆ ಆರಂಭಿಸಿತು. ಪೈ ಮ್ಯೂ ಎಪ್ಸಿಲಾನ್‌ನ ಪತ್ರಿಕೆ 1949ರಲ್ಲಿ ಬಂತು. ಇವುಗಳ ವಿಶೇಷವೆಂದರೆ ವಿದ್ಯಾರ್ಥಿಗಳು ಬರೆದ ಲೇಖನಗಳಿಗೆ ಮರ್ಯಾದೆಯ ಜಾಗ. ಜೊತೆಗೆ ಸಮಸ್ಯೆಗಳ ವಿಭಾಗ. ಒಂದು ಸಂಚಿಕೆಯಲ್ಲಿ ಸಮಸ್ಯೆ ಕೊಡುತ್ತಾರೆ, ಓದುಗರು ಉತ್ತರ ಬರೆದು ಕಳಿಸುತ್ತಾರೆ, ಮುಂದಿನ ಸಂಚಿಕೆಗಳಲ್ಲಿ ಒಳ್ಳೆಯ ಉತ್ತರ ಹೆಸರಿನೊಂದಿಗೆ ಅಚ್ಚಾಗುತ್ತದೆ.

ವಿದ್ಯಾರ್ಥಿ ಸಮ್ಮೇಳನ

ಇನ್ನು ನಮ್ಮ ಕಣ್ಣು ತೆರೆಸಿದ ಸಂಗತಿಗೆ ಬರೋಣ.

ಪೈ ಮ್ಯೂ ಎಪ್ಸಿಲಾನ್‌ನಲ್ಲಿ ವಿದ್ಯಾರ್ಥಿಗಳ ಪ್ರಬಂಧ ಗೋಷ್ಠಿಗಳಿಗೆ 1952ರಲ್ಲಿ ನಾಂದಿ ಹಾಡಿದವರು ಜೆ. ಸದರ್ಲೆಂಡ್ ಫ್ರೇಮ್. ಮಿಷಿಗನ್ ಸ್ಟೇಟ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಸ್ವತಃ ದೊಡ್ಡ ಗಣಿತಜ್ಞರು. 1957ರಿಂದ 1966ರವರೆಗೆ ಸಂಘದ ಅಧ್ಯಕ್ಷರಾಗಿದ್ದರು. ಪ್ರತಿ ಬೇಸಿಗೆಯಲ್ಲಿ ಅಮೆರಿಕದ ಗಣಿತ ಅಧ್ಯಾಪಕರ ದೊಡ್ಡ ಸಮ್ಮೇಳನ ನಡೆಯುತ್ತದೆ. ಅದೇ ಜಾಗದಲ್ಲಿ, ಅದೇ ದಿನಗಳಲ್ಲಿ, ವಿದ್ಯಾರ್ಥಿಗಳಿಗೂ ಒಂದು ಕೋಣೆ, ಒಂದು ಹಲಗೆ, ಒಂದಷ್ಟು ಕೇಳುಗರು ಇರಲಿ ಎಂಬುದು ಅವರ ಯೋಜನೆ. ಹಿರಿಯರ ಸಮ್ಮೇಳನಕ್ಕೆ ಕಿರಿಯರನ್ನು ಚಪ್ಪಾಳೆ ತಟ್ಟಲು ಕರೆಯದೆ ಮಾತಾಡಲು ಕರೆದರು. ಭಾಷಣ ಮಾಡುವ ವಿದ್ಯಾರ್ಥಿಗಳ ಪ್ರಯಾಣದ ಖರ್ಚಿಗೆ ಸಂಘದ ನೆರವು ಸಿಗುತ್ತದೆ. ಬಡ ಮನೆಯ ಮಗುವಿಗೆ ಇದು ಎಷ್ಟು ದೊಡ್ಡ ವಿಷಯವೆಂದು ಬಸ್ ಚಾರ್ಜಿಗೆ ಪರದಾಡಿದವರಿಗೆ ಗೊತ್ತು. ಫ್ರೇಮ್ ಅವರ ಹೆಸರಿನಲ್ಲಿ 1975ರಿಂದ ಒಂದು ಉಪನ್ಯಾಸವೂ ನಡೆಯುತ್ತಾ ಬಂದಿದೆ. 2014ರಲ್ಲಿ ಪೋರ್ಟ್‌ಲೆಂಡ್ ನಗರದ ಬೇಸಿಗೆ ಸಮ್ಮೇಳನದಲ್ಲಿ ಸಂಘದ ನೂರು ವರ್ಷದ ಆಚರಣೆಯಾಯಿತು. 2020ರಲ್ಲಿ ಕೊರೊನಾ ಕಾರಣ ಸಮ್ಮೇಳನವೇ ರದ್ದಾಯಿತು. ಮರುವರ್ಷ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು.

ದೂರದ ಊರಿಗೆ ಹೋಗಲಾರದವರಿಗಾಗಿ ಪ್ರಾದೇಶಿಕ ಸಮ್ಮೇಳನಗಳೂ ಇವೆ. ಓಹಿಯೋದ ಆಕ್ಸ್‌ಫರ್ಡ್ ಎಂಬ ಊರಿನ ಮಯಾಮಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಿಂದ ವಿದ್ಯಾರ್ಥಿ ಸಮ್ಮೇಳನ ನಡೆಯುತ್ತಾ ಬಂದಿದೆ. (ಇಂಗ್ಲೆಂಡಿನ ಆಕ್ಸ್‌ಫರ್ಡ್ ಬೇರೆ, ಫ್ಲೋರಿಡಾದ ಮಯಾಮಿ ಬೇರೆ. ನಾವೂ ಮೊದಲು ಮೋಸಹೋದೆವು!) ಮೇಲೆ ಹೇಳಿದ ‘ಓಹಿಯೋ ಡೆಲ್ಟಾ’ ಶಾಖೆ ಇಲ್ಲಿಯದೇ. ಕಪ್ಪಾ ಮ್ಯೂ ಎಪ್ಸಿಲಾನ್ ಬೆಸ ಸಂಖ್ಯೆಯ ವರ್ಷಗಳಲ್ಲಿ ರಾಷ್ಟ್ರೀಯ ಸಮ್ಮೇಳನ, ಸಮ ಸಂಖ್ಯೆಯ ವರ್ಷಗಳಲ್ಲಿ ಪ್ರಾದೇಶಿಕ ಸಮ್ಮೇಳನ ನಡೆಸುವ ಪದ್ಧತಿ ಇಟ್ಟುಕೊಂಡಿದೆ. ಅಲ್ಲಿ ಪ್ರಬಂಧ ಮಂಡಿಸುವವರು ವಿದ್ಯಾರ್ಥಿಗಳು. ಬಹುಮಾನ ಯಾರಿಗೆ ಎಂದು ತೀರ್ಮಾನಿಸುವ ಸಮಿತಿಯಲ್ಲಿ ಅಧ್ಯಾಪಕರ ಜೊತೆ ವಿದ್ಯಾರ್ಥಿಗಳೂ ಕೂರುತ್ತಾರೆ.

ಒಬ್ಬೊಬ್ಬರಿಗೆ ಸಿಗುವುದು ಸುಮಾರು ಹದಿನೈದು ನಿಮಿಷ. ಹೊಸ ಸಂಶೋಧನೆಯೇ ಆಗಬೇಕೆಂದಿಲ್ಲ. ಹಳೆಯ ಪ್ರಮೇಯವೊಂದನ್ನು ತಾನು ಅರ್ಥಮಾಡಿಕೊಂಡ ಬಗೆ ಹೇಳಿದರೂ ಆಯಿತು. ಉದಾಹರಣೆಗೆ ಇಂಥ ಕಡೆ ಹೇಳಬಹುದಾದ ಒಂದು ಸಣ್ಣ ಗಣಿತ ನೋಡಿ. ಒಂದು ಮದುವೆ ಮನೆಯಲ್ಲಿ ಎಷ್ಟೋ ಜನ ಎಷ್ಟೋ ಜನರ ಕೈ ಕುಲುಕಿದ್ದಾರೆ. ಬೆಸ ಸಂಖ್ಯೆಯಷ್ಟು ಸಲ ಕೈಕುಲುಕಿದವರನ್ನೆಲ್ಲ ಒಂದು ಕಡೆ ನಿಲ್ಲಿಸಿ ಎಣಿಸಿದರೆ ಅವರ ಸಂಖ್ಯೆ ಯಾವಾಗಲೂ ಸಮವೇ ಆಗಿರುತ್ತದೆ! ಯಾಕೆ? ಒಂದು ಕೈಕುಲುಕಿಗೆ ಇಬ್ಬರು ಬೇಕು. ಆದ್ದರಿಂದ ಎಲ್ಲರ ಲೆಕ್ಕವನ್ನೂ ಕೂಡಿದರೆ ಬರುವ ಮೊತ್ತ ಸಮ. ಸಮ ಸಲ ಕುಲುಕಿದವರ ಮೊತ್ತ ಹೇಗೂ ಸಮ. ಅದನ್ನು ಕಳೆದರೆ ಉಳಿಯುವುದೂ ಸಮ. ಬೆಸ ಸಂಖ್ಯೆಗಳನ್ನು ಕೂಡಿ ಸಮ ಬರಬೇಕಾದರೆ ಅಂಥ ಸಂಖ್ಯೆಗಳು ಸಮ ಎಣಿಕೆಯಲ್ಲಿ ಇರಲೇಬೇಕು. ಮುಗಿಯಿತು. ಇದನ್ನು ಕಾಗದದ ಮೇಲೆ ಬರೆಯುವುದು ನಾಲ್ಕು ಸಾಲು. ಆದರೆ ನಿಂತು ಹೇಳುವಾಗ ‘ಯಾಕೆ’ ಎಂದು ಯಾರಾದರೂ ಕೇಳುತ್ತಾರೆ. ಆ ‘ಯಾಕೆ’ಗೆ ಉತ್ತರಿಸುವಾಗಲೇ ನಮಗೆ ನಿಜವಾಗಿ ಅರ್ಥವಾಗಿದೆಯೋ ಇಲ್ಲವೋ ಎಂಬುದು ಹೊರಬೀಳುವುದು.

ನಮ್ಮ ಪಕ್ಕದ ಗುತ್ತಿಯಲ್ಲಿ

ಇಷ್ಟೆಲ್ಲ ಓದಿ ಅಮೆರಿಕದವರನ್ನು ಹೊಗಳುತ್ತಾ ಕೂತಿದ್ದಾಗ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕು, ‘ಗುತ್ತಿ ಎಷ್ಟು ದೂರ ಇದೆ ಇಲ್ಲಿಂದ?’ ಎಂದರು. ನಮಗೆ ನಾಚಿಕೆಯಾಯಿತು. ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ.

ಸಿರಕ್ಯೂಸಿನ ಕೂಟ ನೋಂದಣಿಯಾಗುವುದಕ್ಕೆ ಏಳು ವರ್ಷ ಮೊದಲೇ, ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಭಾರತದ ಗಣಿತ ಸಂಘಕ್ಕೆ ಬೀಜ ಬಿದ್ದಿತ್ತು. ಆಗ ಬಳ್ಳಾರಿ, ಆದೋನಿ, ರಾಯದುರ್ಗ, ಗುತ್ತಿ ಎಲ್ಲವೂ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು. 1953ರ ಅಕ್ಟೋಬರಿನಲ್ಲಿ ಗೆರೆ ಎಳೆದು ಬಳ್ಳಾರಿಯನ್ನು ಮೈಸೂರಿಗೂ ಆದೋನಿ ರಾಯದುರ್ಗಗಳನ್ನು ಆಂಧ್ರಕ್ಕೂ ಕೊಟ್ಟದ್ದು ಆಮೇಲಿನ ಮಾತು. ಗುತ್ತಿಯಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬವರು ಡೆಪ್ಯುಟಿ ಕಲೆಕ್ಟರ್. ಹಗಲು ಕಂದಾಯದ ಕಡತ, ಬಿಡುವಿನಲ್ಲಿ ಗಣಿತ. ಅವರಿಗೆ ಒಂದೇ ಕೊರಗು: ಹೊರದೇಶದ ಗಣಿತ ಪತ್ರಿಕೆಗಳು, ಪುಸ್ತಕಗಳು ಒಬ್ಬರೇ ಕೊಂಡು ಓದುವಷ್ಟು ಅಗ್ಗವಾಗಿರಲಿಲ್ಲ. 1906ರ ಡಿಸೆಂಬರ್ 25ರಂದು ಅವರು ಗುತ್ತಿಯಿಂದ ಕೆಲವು ಮಿತ್ರರಿಗೆ ಪತ್ರ ಬರೆದರು. ನಾಲ್ಕು ಜನ ವಂತಿಗೆ ಹಾಕಿ ಪತ್ರಿಕೆಗಳನ್ನು ತರಿಸಿ ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡು ಓದೋಣ ಎಂಬುದು ಪತ್ರದ ತಿರುಳು. 1907ರ ಏಪ್ರಿಲ್ 4ರಂದು ಸುಮಾರು 20 ಸದಸ್ಯರೊಂದಿಗೆ ‘ಅನಲಿಟಿಕ್ ಕ್ಲಬ್’ ಹುಟ್ಟಿತು. ಅದೇ ಮುಂದೆ 1910ರಲ್ಲಿ ‘ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ’ ಎಂಬ ಹೆಸರು ಪಡೆಯಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅದರ ಗ್ರಂಥಾಲಯ. ಪುಸ್ತಕಗಳು ಅಂಚೆಯಲ್ಲಿ ಸದಸ್ಯರ ಊರೂರಿಗೆ ಹೋಗಿಬರುತ್ತಿದ್ದವು.

ಸಂಘದ ಪತ್ರಿಕೆ 1909ರಲ್ಲಿ ಶುರುವಾಯಿತು. ಅದರಲ್ಲಿಯೂ ಸಮಸ್ಯೆಗಳ ವಿಭಾಗವಿತ್ತು. 1911ರಲ್ಲಿ ಅದಕ್ಕೆ ಒಂದು ಸಮಸ್ಯೆ ಬಂತು: ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಹೋಗುವ ಒಂದು ಸರಪಳಿ. ಇದರ ಬೆಲೆ ಎಷ್ಟು ಎಂಬುದು ಪ್ರಶ್ನೆ. ತಿಂಗಳುಗಟ್ಟಲೆ ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಕೇಳಿದವನೇ ಉತ್ತರ ಕೊಟ್ಟ: 3! ಕೇಳಿದವನು ಪದವಿ ಪರೀಕ್ಷೆ ದಾಟಲಾರದೆ ಕೆಲಸ ಹುಡುಕುತ್ತಿದ್ದ ಒಬ್ಬ ಹುಡುಗ, ಹೆಸರು ರಾಮಾನುಜನ್. ಹಿಂದಿನ ವರ್ಷ ಆತ ತನ್ನ ನೋಟ್‌ಬುಕ್ ಹಿಡಿದು ಗುಮಾಸ್ತನ ಕೆಲಸ ಕೇಳಲು ಹೋಗಿದ್ದು ಇದೇ ರಾಮಸ್ವಾಮಿ ಅಯ್ಯರ್ ಅವರ ಬಳಿ. ಆಗ ಅವರು ತಿರುಕ್ಕೋಯಿಲೂರಿನಲ್ಲಿದ್ದರು. ರಾಮಾನುಜನ್ ಅವರ ಮೊದಲ ಲೇಖನವೂ 1911ರಲ್ಲಿ ಈ ಪತ್ರಿಕೆಯಲ್ಲೇ ಅಚ್ಚಾಯಿತು. ಗುತ್ತಿಯಿಂದ ಹೊರಟ ಆ ಪತ್ರ ಇಲ್ಲದಿದ್ದರೆ ಆ ಪತ್ರಿಕೆ ಇರುತ್ತಿರಲಿಲ್ಲ. ಕಾಲೇಜಿನಿಂದ ಹೊರಬಿದ್ದ ಆ ಹುಡುಗನ ಮಾತಿಗೆ ಕಿವಿಗೊಡುವ ಜಾಗ ಬೇರೆ ಎಲ್ಲಿತ್ತು?

ಸಂಘದ ಮೊದಲ ಸಮ್ಮೇಳನ 1916ರಲ್ಲಿ ಮದ್ರಾಸಿನಲ್ಲಿ ನಡೆಯಿತು. 1933ರಲ್ಲಿ ಸಂಘ ಎರಡನೆಯ ಪತ್ರಿಕೆ ತಂದಿತು. ಅದರ ಹೆಸರೇ ‘ದಿ ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್’, ಗಣಿತದ ವಿದ್ಯಾರ್ಥಿ. ಗುತ್ತಿ ಕೋಟೆಯ ಕನ್ನಡ ಶಾಸನಗಳನ್ನು ತೋರಿಸಲು ಮಕ್ಕಳನ್ನು ಪ್ರವಾಸ ಕರೆದೊಯ್ಯುವ ನಾವು ಈ ಕಥೆಯನ್ನು ಅಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ತೂಗಿ ನೋಡಿದಾಗ

ಗೌರವ ಸಂಘಗಳಲ್ಲಿ ಎಲ್ಲವೂ ನಮಗೆ ಒಪ್ಪಿಗೆಯೇ? ಇಲ್ಲ. ಅಂಕ ನೋಡಿ ಒಳಗೆ ಬಿಡುವ ಬಾಗಿಲು ನಮಗೆ ಹಿಡಿಸಲಿಲ್ಲ. ಮೇಲಿನ ಮೂರನೇ ಒಂದು ಭಾಗವನ್ನು ಕರೆದರೆ ಉಳಿದ ಎರಡು ಭಾಗ ಹೊರಗೆ. ಇದೇ ನಿಯಮವನ್ನು 1911ರಲ್ಲಿ ಹಿಡಿದಿದ್ದರೆ ಪರೀಕ್ಷೆಯಲ್ಲಿ ಬಿದ್ದಿದ್ದ ರಾಮಾನುಜನ್ ಅವರಿಗೆ ಪ್ರವೇಶ ಸಿಗುತ್ತಿತ್ತೇ? ಸೇರುವಾಗ ಕಟ್ಟಬೇಕಾದ ಶುಲ್ಕವೂ ಇದೆ. ಪ್ರಮಾಣಪತ್ರ, ಪದಕ ಇಷ್ಟಕ್ಕೇ ಸೇರಿ ಆಮೇಲೆ ಸಭೆಗೆ ತಲೆಹಾಕದವರು ಎಲ್ಲ ದೇಶದಲ್ಲೂ ಇರುತ್ತಾರೆ. ಅಮೆರಿಕದಲ್ಲಿಯೇ ಇದಕ್ಕೆ ಬೇರೆ ದಾರಿಯೂ ಕಂಡುಕೊಂಡಿದ್ದಾರೆ. 1994ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾದ ಹಡ್ಸನ್ ನದಿ ಪ್ರದೇಶದ ವಿದ್ಯಾರ್ಥಿ ಗಣಿತ ಸಮ್ಮೇಳನ ಯಾವ ಗೌರವ ಸಂಘದ್ದೂ ಅಲ್ಲ. ಅಲ್ಲಿ ಮಾತಾಡಲು ಗ್ರೀಕ್ ಅಕ್ಷರದ ಸದಸ್ಯತ್ವ ಬೇಕಿಲ್ಲ.

ಹೀಗೆ ತೂಗಿ ನೋಡಿ ನಾವು ಬ್ಯಾಡ್ಜನ್ನು ಅಲ್ಲೇ ಬಿಟ್ಟು ಹದಿನೈದು ನಿಮಿಷವನ್ನು ಮಾತ್ರ ಎತ್ತಿಕೊಂಡೆವು. ನಮ್ಮ ಮಕ್ಕಳಿಗೆ ಅದನ್ನು ಹತ್ತು ನಿಮಿಷ ಮಾಡಿದೆವು.

ನಮ್ಮ ಶಾಲೆಯ ಸಮ್ಮೇಳನ

ಕಳೆದ ಡಿಸೆಂಬರ್ 22ರಂದು ನಾವು ಭಾಷಣ ಮಾಡಲಿಲ್ಲ. ಏಳರಿಂದ ಹತ್ತನೇ ತರಗತಿಯವರೆಗಿನ ಒಂಬತ್ತು ಮಕ್ಕಳು ಮಾತಾಡಿದರು. ಹೆಸರು ಕೊಡಲು ಅಂಕದ ಷರತ್ತು ಇರಲಿಲ್ಲ. ಷರತ್ತು ಮೂರೇ: ವಿಷಯ ಒಂದೇ ಇರಬೇಕು, ಹಲಗೆಯ ಮೇಲೆ ಬರೆದು ತೋರಿಸಬೇಕು, ಕೊನೆಯಲ್ಲಿ ಮೂರು ಪ್ರಶ್ನೆಗೆ ಉತ್ತರಿಸಬೇಕು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಎನ್ನಬಹುದು.

ಎಂಟನೇ ತರಗತಿಯ ಹುಡುಗಿಯೊಬ್ಬಳು ಚುಕ್ಕಿ ರಂಗೋಲಿ ಇಟ್ಟಳು. 1, 3, 5, 7, ಮತ್ತೆ 5, 3, 1. ಒಟ್ಟು ಚುಕ್ಕಿ 25. ಎಣಿಸದೆ ಹೇಳುವುದು ಹೇಗೆ ಎಂದು ಕೇಳಿದಳು. ಬೆಸ ಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿದರೆ ವರ್ಗಸಂಖ್ಯೆ ಬರುತ್ತದೆ. 1, 3, 5, 7 ಕೂಡಿದರೆ 16, ಅಂದರೆ ನಾಲ್ಕರ ವರ್ಗ. ಉಳಿದ 5, 3, 1 ಕೂಡಿದರೆ 9, ಅಂದರೆ ಮೂರರ ವರ್ಗ. ಎರಡೂ ಸೇರಿ 25. ನಡುವಿನ ಸಾಲಿನಲ್ಲಿ 15 ಚುಕ್ಕಿಯ ದೊಡ್ಡ ರಂಗೋಲಿಯಾದರೆ ಎಂಟರ ವರ್ಗಕ್ಕೆ ಏಳರ ವರ್ಗ ಕೂಡಿ 113 ಎಂದು ಬಾಯಲ್ಲೇ ಹೇಳಿದಳು. ಹಿಂದೆ ಕೂತಿದ್ದ ಅವಳ ಅಜ್ಜಿ, ‘ಐವತ್ತು ವರ್ಷದಿಂದ ಇಡ್ತಾ ಇದೀನಿ ಸಾರ್, ಒಳಗೆ ಲೆಕ್ಕ ಇತ್ತು ಅಂತ ಇವತ್ತು ಗೊತ್ತಾಯ್ತು’ ಎಂದರು.

ಪಕ್ಕದ ತೆಲುಗು ಮಾಧ್ಯಮದ ಶಾಲೆಯಿಂದಲೂ ಮಕ್ಕಳು ಬಂದಿದ್ದರು. ನಮ್ಮ ಹುಡುಗ ಅವಿಭಾಜ್ಯ ಸಂಖ್ಯೆ ಎಂದಾಗ ಅವರಿಗೆ ಅರ್ಥವಾಗಲಿಲ್ಲ. ಅವರದು ಪ್ರಧಾನ ಸಂಖ್ಯ. ನಮ್ಮ ಲ.ಸಾ.ಅ. ಅವರಿಗೆ ಕ.ಸಾ.ಗು. ಹುಡುಗ ಹಲಗೆಯ ಪಕ್ಕದಲ್ಲಿ ಮೂರು ಕಾಲಂ ಹಾಕಿ ಕನ್ನಡ, ತೆಲುಗು, ಇಂಗ್ಲಿಷ್ ಪದಗಳನ್ನು ಬರೆಯುತ್ತಾ ಹೋದ. ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ಭಾಷೆಯ ನಡುವೆ ಸಿಕ್ಕಿಕೊಂಡಿದ್ದಾರೆ ಎಂದು ನಾವು ಮರುಗುತ್ತಿದ್ದ ಮಕ್ಕಳ ಕೈಯಲ್ಲಿ ಆ ಹೊತ್ತು ಮೂರು ಭಾಷೆಯೂ ಸಲಕರಣೆಯಾಗಿತ್ತು. ಆ ಪಟ್ಟಿಯನ್ನು ನಾವು ಅಳಿಸಿಲ್ಲ, ಹಾಳೆಗೆ ಇಳಿಸಿ ಗೋಡೆಗೆ ಅಂಟಿಸಿದ್ದೇವೆ. ಈಗ ಅದರಲ್ಲಿ 64 ಪದಗಳಿವೆ.

ಎಲ್ಲವೂ ಚೆನ್ನಾಗಿಯೇ ನಡೆಯಿತು ಎಂದಲ್ಲ. ಇಬ್ಬರು ಮಕ್ಕಳು ನಡುವೆಯೇ ನಿಂತುಬಿಟ್ಟರು. ಒಬ್ಬ ಅತ್ತ. ಮುಂದಿನ ತಿಂಗಳು ಮತ್ತೆ ಹೇಳುತ್ತೇನೆ ಎಂದವನು ಹೇಳಿಯೂ ಹೇಳಿದ. ಅಂದಿನಿಂದ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಇಬ್ಬರು ಮಾತಾಡುವುದು ರೂಢಿಯಾಗಿದೆ.

ಅಂದಿನ ಕೊನೆಯ ಮಾತು ನಮ್ಮ ಹಳೆಯ ವಿದ್ಯಾರ್ಥಿನಿಯದು. ನಾವೇ ಕರೆಸಿದ್ದೆವು. ಅವಳು ಕೈಕುಲುಕಿನ ಪ್ರಮೇಯವನ್ನು ಮೊದಲು ಕನ್ನಡದಲ್ಲಿ, ಮಕ್ಕಳನ್ನೇ ಎಬ್ಬಿಸಿ ಕೈಕುಲುಕಿಸಿ ವಿವರಿಸಿದಳು. ಆಮೇಲೆ, ಯಾರೂ ಕೇಳದಿದ್ದರೂ, ಅದನ್ನೇ ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ವಾಕ್ಯ ಹುಡುಕಿಕೊಂಡು ಹೇಳಿದಳು. ಎರಡು ಕಡೆ ತಡವರಿಸಿದಳು. ನಮ್ಮ ಏಳನೇ ತರಗತಿಯ ಪೋರನೊಬ್ಬ ಎದ್ದು ‘ಯಾಕೆ ಅಕ್ಕಾ?’ ಎಂದ. ಅವಳು ನಕ್ಕು, ಸೀಮೆಸುಣ್ಣ ಎತ್ತಿಕೊಂಡು, ಯಾಕೆ ಎಂದು ಹೇಳಿದಳು.

ನಮ್ಮ ಗಡಿನಾಡಿನ ಶಾಲೆಗಳ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಇದಕ್ಕೆ ಅನುದಾನ ಬೇಕಿಲ್ಲ, ಆದೇಶ ಬೇಕಿಲ್ಲ. ಒಂದು ಹಲಗೆ, ಹತ್ತು ನಿಮಿಷ, ‘ಯಾಕೆ’ ಎಂದು ಕೇಳುವ ನಾಲ್ಕು ಮಕ್ಕಳು ಸಾಕು. ನಿಮ್ಮಲ್ಲಿ ಈಗಾಗಲೇ ಇಂಥದ್ದು ನಡೆಯುತ್ತಿದ್ದರೆ ತಿಳಿಸಿ, ನಾವು ಬಂದು ನೋಡುತ್ತೇವೆ. ನಡೆಯುತ್ತಿಲ್ಲವಾದರೆ ಬರುವ ಡಿಸೆಂಬರ್ 22ರವರೆಗೆ ಕಾಯಬೇಡಿ. ಮುಂದಿನ ಶನಿವಾರವೇ ಒಂದು ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು, ನೀವು ಹಿಂದಿನ ಬೆಂಚಿನಲ್ಲಿ ಕೂತು ನೋಡಿ.